ಅಮ್ಮನ ಮೆದುಳಿಗೆ ದಾರಿ ಇರಲಿಲ್ಲ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ, ಮತ್ತು ಮನೆಯಲ್ಲಿ ಮರೆವಿನ ಹಿರಿಯರನ್ನು ನೋಡಿಕೊಳ್ಳುತ್ತಿರುವ ಎಲ್ಲರಿಗೂ,

ನಮಸ್ಕಾರ.

ನಾನು ತಿಪಟೂರಿನವಳು. 31 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ ಆಗಿದ್ದು ನಿವೃತ್ತಳಾದೆ. ಪತ್ರ ಉದ್ದ ಇದೆ. ದಯವಿಟ್ಟು ಕೊನೆತನಕ ಓದಿ.

2014ರ ಯುಗಾದಿ. ಅಮ್ಮ ಒಬ್ಬಟ್ಟು ತಟ್ಟಲು ಕೂತಿದ್ದಳು. ಹೂರಣ ರುಬ್ಬಿ ಉಂಡೆ ಕಟ್ಟಿ ಆಗಿತ್ತು. ಕಣಕ ಎಣ್ಣೆಯಲ್ಲಿ ನೆನೆದಿತ್ತು. ಕಣಕವನ್ನು ಅಂಗೈಯಲ್ಲಿ ಹರಡಿದಳು, ನಡುವೆ ಹೂರಣದ ಉಂಡೆ ಇಟ್ಟಳು, ಅಷ್ಟಕ್ಕೇ ನಿಂತಳು. ನನ್ನ ಮುಖ ನೋಡಿ, 'ಇದನ್ನ ಏನ್ಮಾಡ್ಬೇಕು ಈಗ?' ಅಂತ ಕೇಳಿದಳು. ಐವತ್ತು ವರ್ಷ ಒಬ್ಬಟ್ಟು ಮಾಡಿದ ಕೈ ಅದು. ನಾನು ಅಂಚು ಎತ್ತಿ ಮುಚ್ಚಿ ತೋರಿಸಿದೆ. ನಕ್ಕಳು. ನಾನೂ ನಕ್ಕೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ವಾರ ಊರಿನಲ್ಲೇ ವೈದ್ಯರಿಗೆ ತೋರಿಸಿದೆ. 'ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ನಿಮ್ಮಮ್ಮನಿಗೆ ಎಪ್ಪತ್ತೆರಡು ಆಗಿದೆ' ಅಂದರು. ವಿಟಮಿನ್ ಮಾತ್ರೆ ಬರೆದುಕೊಟ್ಟರು. ನಾನೂ ನಂಬಿದೆ. ಅಮ್ಮನಿಗೆ ಬಂದಿದ್ದು ಆಲ್ಝೈಮರ್ ಅಂತ ಬೆಂಗಳೂರಿನಲ್ಲಿ ಗೊತ್ತಾಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಆ ಮೂರು ವರ್ಷ ಅವಳು ಒಲೆ ಆರಿಸಲು ಮರೆತಾಗಲೆಲ್ಲ ನಾನು ಅವಳನ್ನು ಬೈದಿದ್ದೇನೆ. ಈಗಲೂ ಅದು ನೆನಪಾದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಅಮ್ಮ 2023ರಲ್ಲಿ ತೀರಿಕೊಂಡಳು. ರಾತ್ರಿ ಎರಡೂವರೆ. ಅವಳ ಮೆದುಳನ್ನು ಸಂಶೋಧನೆಗೆ ಕೊಡಬೇಕು ಅಂತ ನನಗೆ ಆಸೆ ಇತ್ತು. ಬೆಂಗಳೂರಿನಲ್ಲಿ ಮೆದುಳಿನ ಬ್ಯಾಂಕ್ ಇದೆ ಅಂತ ಗೊತ್ತಿತ್ತು. ಅಷ್ಟೇ ಗೊತ್ತಿದ್ದಿದ್ದು. ಮೊದಲೇ ವಿಚಾರಿಸಿ ಇಟ್ಟುಕೊಂಡಿರಲಿಲ್ಲ, ಅದು ನನ್ನ ತಪ್ಪು. ಆದರೆ ಆ ರಾತ್ರಿ ನಾನು ಫೋನ್ ಮಾಡಿದ ಒಂದು ಕಡೆಯಲ್ಲೂ ದಾರಿ ಹೇಳುವವರು ಇರಲಿಲ್ಲ. 'ಮೆದುಳಾ? ಕಣ್ಣಾದ್ರೆ ಹೇಳಿ' ಅಂದರು ಒಬ್ಬರು. ಬೆಳಕು ಹರಿಯಿತು. ನೆಂಟರು ಬಂದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಪ್ಪ 2011ರಲ್ಲಿ ಹೋದಾಗ ಹೀಗಾಗಲಿಲ್ಲ. ಅವರು ಕಣ್ಣು ದಾನಕ್ಕೆ ಬರೆದುಕೊಟ್ಟಿದ್ದರು. ಒಂದು ಫೋನ್ ಮಾಡಿದೆವು. ಎರಡು ಗಂಟೆಯೊಳಗೆ ಇಬ್ಬರು ಬಂದರು, ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಕೈಮುಗಿದು ಹೋದರು. ಒಂದೇ ಮನೆ, ಒಂದೇ ಊರು. ಅಪ್ಪನ ಕಣ್ಣಿಗೆ ದಾರಿ ಇತ್ತು. ಅಮ್ಮನ ಮೆದುಳಿಗೆ ಇರಲಿಲ್ಲ.

ಆ ದಾರಿ ಮಾಡಿಕೊಡಿ ಅಂತ ಕೇಳುವುದಕ್ಕೇ ಈ ಪತ್ರ. ಸತ್ತವರ ಮೆದುಳಿನಲ್ಲಿ ನೋಡುವಂಥದ್ದು ಏನಿದೆ ಅಂತ ನೀವು ಕೇಳಬಹುದು. ಅದನ್ನೇ ಮೊದಲು ಹೇಳುತ್ತೇನೆ. ಪಾಠ ಮಾಡಿ ಅಭ್ಯಾಸ, ಸ್ವಲ್ಪ ತಾಳ್ಮೆ ಇರಲಿ.

ಹತ್ತನೇ ತರಗತಿಯಲ್ಲಿ ಅಮೀಬಾ ಊಟ ಮಾಡುವ ಚಿತ್ರ ಎಲ್ಲರೂ ಬರೆದಿರುತ್ತೀರಿ. ಅದಕ್ಕೆ ಬಾಯಿ ಇಲ್ಲ. ಆಹಾರದ ಸುತ್ತ ಮಿಥ್ಯಾಪಾದ ಚಾಚುತ್ತದೆ, ಮುಚ್ಚಿಕೊಳ್ಳುತ್ತದೆ, ಒಳಗೆ ಒಂದು ಸಣ್ಣ ಚೀಲ ಆಗುತ್ತದೆ. ನಾನು ಇದನ್ನು ವರ್ಷಾವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ಇದೇ ಕೆಲಸವನ್ನು ನಮ್ಮ ಮೆದುಳಿನ ಜೀವಕೋಶಗಳೂ ಹಗಲೂ ರಾತ್ರಿ ಮಾಡುತ್ತವೆ ಅಂತ ಒಂದು ಸಲವೂ ಮಕ್ಕಳಿಗೆ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ. ಅಮ್ಮನ ಕಾಯಿಲೆ ಬಂದ ಮೇಲೆ ಓದಲು ಶುರು ಮಾಡಿದೆ.

ನರಕೋಶದ ಸುತ್ತ ತೆಳುವಾದ ಪೊರೆ ಇರುತ್ತದೆ. ಹೊರಗಿನಿಂದ ಏನಾದರೂ ಒಳಗೆ ಬೇಕಾದರೆ, ಪೊರೆ ಆ ಜಾಗದಲ್ಲಿ ಒಳಕ್ಕೆ ಕುಸಿದು ಗುಳಿ ಬೀಳುತ್ತದೆ. ವಸ್ತು ಗುಳಿಯಲ್ಲಿ ಕೂರುತ್ತದೆ. ಅಂಚುಗಳು ಹತ್ತಿರ ಬಂದು ಸೇರಿಕೊಳ್ಳುತ್ತವೆ. ಗುಂಡಗಿನ ಪುಟ್ಟ ಚೀಲ ಒಳಗೆ ಕಳಚಿಕೊಳ್ಳುತ್ತದೆ. ಕಣಕದ ನಡುವೆ ಹೂರಣ ಇಟ್ಟು ಅಂಚು ಎತ್ತಿ ಮುಚ್ಚುವುದು ಇದೆಯಲ್ಲ, ಅದೇ. ಅಮ್ಮನ ಕೈ ಮರೆತಿದ್ದು ಅದನ್ನೇ. ಇದನ್ನು ಮೊದಲ ಸಲ ಓದಿದ ದಿನ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಈ ಕ್ರಿಯೆಗೆ ಎಂಡೋಸೈಟೋಸಿಸ್ ಅಂತ ಹೆಸರು. 1963ರಲ್ಲಿ ಆ ಹೆಸರಿಟ್ಟವರು ಕ್ರಿಶ್ಚಿಯನ್ ಡಿ ಡ್ಯೂವ್. ಪೊರೆ ಗುಳಿ ಬೀಳುವ ಜಾಗದಲ್ಲಿ ಕ್ಲಾಥ್ರಿನ್ ಎಂಬ ಪ್ರೋಟೀನ್ ಬಂದು ಬುಟ್ಟಿ ಹೆಣೆಯುತ್ತದೆ. ಅದರ ಒಂದೊಂದು ತುಂಡಿಗೂ ಮೂರು ಕಾಲು. ಕಾಲಿಗೆ ಕಾಲು ಹೆಣೆದುಕೊಂಡು ಪೊರೆಯನ್ನು ಗುಂಡಗೆ ಎಳೆದು ಹಿಡಿಯುತ್ತವೆ.

ದೇಹದ ಬಹುತೇಕ ಎಲ್ಲ ಜೀವಕೋಶಗಳೂ ಇದನ್ನು ಮಾಡುತ್ತವೆ. ನರಕೋಶಕ್ಕೆ ಮಾತ್ರ ಈ ಕೆಲಸ ತುಂಬಾ ಜಾಸ್ತಿ. ಯಾಕೆ ಅಂದರೆ, ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವಾಗ ಸಣ್ಣ ಸಣ್ಣ ಚೀಲಗಳನ್ನು ಪೊರೆಗೆ ಅಂಟಿಸಿ ರಾಸಾಯನಿಕವನ್ನು ಹೊರಗೆ ಸುರಿಯುತ್ತದೆ. ಸುರಿದ ಮೇಲೆ ಚೀಲದ ಪೊರೆಯನ್ನು ಮತ್ತೆ ಒಳಗೆ ಎಳೆದುಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಸುದ್ದಿಗೆ ಚೀಲವೇ ಇರುವುದಿಲ್ಲ. ನೀವು ಈ ಸಾಲು ಓದುತ್ತಿರುವಾಗಲೂ ಇದು ನಡೆಯುತ್ತಿದೆ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬಹುಪಾಲು ನರಕೋಶಗಳು ಹುಟ್ಟಿನಿಂದ ಸಾಯುವ ತನಕ ಅವೇ. ಎಂಬತ್ತು ವರ್ಷ ಒಂದೇ ಅಡುಗೆಮನೆ, ಒಂದು ದಿನವೂ ರಜೆ ಇಲ್ಲ. ಕಸ ಹೊರಗೆ ಹೋಗದಿದ್ದರೆ ಏನಾಗುತ್ತದೆ, ಯೋಚಿಸಿ.

ಒಳಗೆ ಬಂದ ಚೀಲ ಮೊದಲು ಎಂಡೋಸೋಮ್ ಎಂಬ ಜಾಗಕ್ಕೆ ಹೋಗುತ್ತದೆ. ನಮ್ಮ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಮೇಜು ಇರುತ್ತಲ್ಲ, ಹಾಗೆ. ಮತ್ತೆ ಬೇಕಾದದ್ದು ಪೊರೆಗೆ ವಾಪಸ್. ಬೇಡದ್ದು ಲೈಸೋಸೋಮ್‌ಗೆ. ಲೈಸೋಸೋಮ್‌ನಲ್ಲಿ ಹುಳಿ ಇರುತ್ತದೆ, ಅಂದರೆ ಆಮ್ಲ. ಅಲ್ಲಿ ಕಸ ಕರಗುತ್ತದೆ. ಇದನ್ನು 1955ರಲ್ಲಿ ಗುರುತಿಸಿದ್ದೂ ಡಿ ಡ್ಯೂವ್ ಅವರೇ. 1974ರಲ್ಲಿ ನೊಬೆಲ್ ಬಂತು.

ಈಗ ಕಾಯಿಲೆಗೆ ಬರುತ್ತೇನೆ. ನರಕೋಶದ ಪೊರೆಯ ಮೇಲೆ ಎಪಿಪಿ ಎಂಬ ಪ್ರೋಟೀನ್ ಇದೆ. ಪೊರೆಯ ಮೇಲೆಯೇ ಇದ್ದಾಗ ಒಂದು ಕಿಣ್ವ, ಅಂದರೆ ಕತ್ತರಿಯಂಥ ಪ್ರೋಟೀನ್, ಇದನ್ನು ಕತ್ತರಿಸುತ್ತದೆ. ಅದರಿಂದ ತೊಂದರೆ ಇಲ್ಲ. ಆದರೆ ಎಪಿಪಿ ಚೀಲದೊಳಗೆ ಸೇರಿ ಎಂಡೋಸೋಮ್‌ಗೆ ಹೋದರೆ, ಅಲ್ಲಿ ಬೇಸ್ ಒಂದು ಎಂಬ ಬೇರೆ ಕಿಣ್ವ ಕಾದಿರುತ್ತದೆ. ಎಂಡೋಸೋಮ್‌ನಲ್ಲೂ ಸ್ವಲ್ಪ ಹುಳಿ ಇರುತ್ತದೆ, ಆ ಕಿಣ್ವಕ್ಕೆ ಹುಳಿ ಜಾಗವೇ ಇಷ್ಟ. ಅದು ಬೇರೆ ಕಡೆ ಕತ್ತರಿಸುತ್ತದೆ. ಆಮೇಲೆ ಇನ್ನೊಂದು ಕಿಣ್ವ ಮತ್ತೊಮ್ಮೆ ಕತ್ತರಿಸುತ್ತದೆ. ಆಗ ಬರುವ ತುಂಡೇ ಅಮೈಲಾಯ್ಡ್ ಬೀಟಾ. ಅದರಲ್ಲಿ 42 ಅಮೈನೋ ಆಮ್ಲದ ಉದ್ದದ್ದು ತುಂಬಾ ಅಂಟು. ಒಂದಕ್ಕೊಂದು ಅಂಟಿಕೊಂಡು ನರಕೋಶಗಳ ನಡುವೆ ಗಟ್ಟಿಯಾಗಿ ಕೂರುತ್ತದೆ. ಪ್ಲೇಕ್ ಅನ್ನುವುದು ಅದನ್ನೇ.

ಅಂದರೆ, ಪ್ಲೇಕ್ ಹೊರಗೆ ಕಂಡರೂ ಅದರ ಮೂಲ ಬಹುಪಾಲು ಕೋಶದ ಒಳಗಿನ ಈ ನುಂಗುವ ಕೆಲಸದಲ್ಲಿದೆ. 2008ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಇದನ್ನು ತೋರಿಸಿದರು. ಮೆದುಳಿನಲ್ಲಿ ಎಂಡೋಸೈಟೋಸಿಸ್ ತಡೆದಾಗ, ಹೊರಗೆ ಸೇರುವ ಅಮೈಲಾಯ್ಡ್ ಕೂಡಲೇ ಕಡಿಮೆಯಾಯಿತು.

ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ಅದಕ್ಕೂ ಹಳೆಯ ಕೆಲಸ. 2000ನೇ ಇಸವಿಯಲ್ಲಿ ನ್ಯೂಯಾರ್ಕ್‌ನ ರಾಲ್ಫ್ ನಿಕ್ಸನ್, ಆನ್ ಕಟಾಲ್ಡೋ ಮತ್ತು ಜೊತೆಗಾರರು ತೀರಿಕೊಂಡವರ ಮೆದುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಒಳಗೆ ಎಂಡೋಸೋಮ್‌ಗಳು ಊದಿಕೊಂಡಿದ್ದವು. ಹೊರಗೆ ಪ್ಲೇಕ್ ಸೇರುವ ಮೊದಲೇ ಊದಿದ್ದವು! ಮರೆವು ಶುರುವಾಗುವುದಕ್ಕೂ ಎಷ್ಟೋ ಮುಂಚೆ. ಡೌನ್ ಸಿಂಡ್ರೋಮ್ ಇರುವವರಲ್ಲಂತೂ ಇನ್ನೂ ಬೇಗ. ಅದಕ್ಕೆ ಕಾರಣ ಇದೆ. ಎಪಿಪಿಯ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಡೌನ್ ಸಿಂಡ್ರೋಮಿನಲ್ಲಿ ಆ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ. ಅವರಲ್ಲಿ ನಲವತ್ತು ದಾಟಿದ ಬಹುತೇಕ ಎಲ್ಲರ ಮೆದುಳಿನಲ್ಲೂ ಪ್ಲೇಕ್ ಇರುತ್ತದೆ. ನನ್ನ ತರಗತಿಯಲ್ಲಿ ಅಂಥ ಒಬ್ಬ ಹುಡುಗ ಇದ್ದ. ಬೋರ್ಡ್ ಒರೆಸುವುದು ಅವನ ಕೆಲಸ, ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಅಂಥ ಮಕ್ಕಳ ತಂದೆತಾಯಿಗೆ ನಮ್ಮಲ್ಲಿ ಈ ವಿಷಯ ಹೇಳುವವರು ಎಷ್ಟು ಜನ ಇದ್ದಾರೆ ಸಾರ್?

ಅದೇ ನಿಕ್ಸನ್ ತಂಡ 2022ರಲ್ಲಿ ಇನ್ನೊಂದು ಕೆಲಸ ಪ್ರಕಟಿಸಿತು. ಆಲ್ಝೈಮರ್ ಬರುವ ಹಾಗೆ ಬೆಳೆಸಿದ ಇಲಿಗಳ ನರಕೋಶಗಳಲ್ಲಿ ಲೈಸೋಸೋಮ್‌ನ ಹುಳಿ ಕಡಿಮೆಯಾಗುತ್ತದೆ. ಕಸ ಕರಗುವುದಿಲ್ಲ. ಅಮೈಲಾಯ್ಡ್ ತುಂಬಿದ ಚೀಲಗಳು ಊದಿ, ಹೂವಿನ ಎಸಳಿನ ಹಾಗೆ ಕೋಶದ ನಡುವಿನಿಂದ ಉಬ್ಬಿ ನಿಲ್ಲುತ್ತವೆ. ಕಡೆಗೆ ಆ ಕೋಶ ಸಾಯುತ್ತದೆ, ಅದೇ ಜಾಗದಲ್ಲಿ ಪ್ಲೇಕ್ ಉಳಿಯುತ್ತದೆ. ಇಂಥದ್ದೇ ಕೋಶಗಳು ಆಲ್ಝೈಮರ್‌ನಿಂದ ತೀರಿಕೊಂಡವರ ಮೆದುಳಿನಲ್ಲೂ ಕಂಡಿವೆ. ಆ ಚಿತ್ರಗಳು ನೋಡಲು ಚೆಂದ. ಅದಕ್ಕೇ ಇನ್ನೂ ಸಂಕಟ ಆಗುತ್ತದೆ.

ಇದು ಒಂದೆರಡು ಪ್ರಯೋಗಾಲಯದವರ ಮಾತು ಮಾತ್ರ ಅಲ್ಲ. ಜೀನ್‌ಗಳೂ ಇದನ್ನೇ ಹೇಳುತ್ತಿವೆ. ಸಾವಿರಾರು ಜನರ ಜೀನ್ ಹೋಲಿಸಿ, ಈ ಕಾಯಿಲೆಯ ಅಪಾಯ ಹೆಚ್ಚಿಸುವ ಜಾಗಗಳನ್ನು ಹುಡುಕಿದರು. 2009ರಲ್ಲಿ ಪೈಕಾಮ್ ಸಿಕ್ಕಿತು. ಅದು ಕ್ಲಾಥ್ರಿನ್ ಬುಟ್ಟಿ ಹೆಣೆಯಲು ನೆರವಾಗುವ ಪ್ರೋಟೀನ್. 2010ರಲ್ಲಿ, ಭಾರತ ಮೂಲದ ನರತಜ್ಞೆ ಸುಧಾ ಶೇಷಾದ್ರಿ ಮುಂದಾಳಾಗಿದ್ದ ದೊಡ್ಡ ಅಧ್ಯಯನದಲ್ಲಿ ಬಿನ್ ಒನ್ ಸಿಕ್ಕಿತು. ಪೊರೆಯನ್ನು ಬಾಗಿಸುವುದು ಅದರ ಕೆಲಸ. ಸಾರ್ಲ್ ಒನ್ ಅಂತ ಇನ್ನೊಂದು ಇದೆ. ಎಂಡೋಸೋಮ್‌ನಲ್ಲಿ ಸಿಕ್ಕಿಕೊಂಡ ಎಪಿಪಿಯನ್ನು ಅದು ಹೊರಗೆ ಕರೆತರುತ್ತದೆ. ಅದು ಕೆಟ್ಟರೆ ಎಪಿಪಿ ಅಲ್ಲೇ ಉಳಿಯುತ್ತದೆ, ಕತ್ತರಿಗೆ ಸಿಗುತ್ತದೆ. ಯಾರೂ ಮೊದಲೇ ಎಂಡೋಸೈಟೋಸಿಸ್ ಅಂತ ಹುಡುಕಿದ್ದಲ್ಲ. ಹುಡುಕಿದಾಗ ಮತ್ತೆ ಮತ್ತೆ ಅದೇ ಬೀದಿಗೆ ಬಂದು ನಿಂತರು.

ಎಲ್ಲಕ್ಕಿಂತ ದೊಡ್ಡದು ಎಪೋಈ. ಈ ಕಾಯಿಲೆಗೂ ಅದಕ್ಕೂ ನಂಟಿದೆ ಅಂತ 1993ರಲ್ಲೇ ಗೊತ್ತಾಗಿದ್ದು. ಇದು ಮೆದುಳಿನಲ್ಲಿ ಕೊಬ್ಬು ಹೊತ್ತು ತಿರುಗುವ ಪ್ರೋಟೀನ್. ನರಕೋಶಗಳು ಇದನ್ನೂ ಚೀಲದಲ್ಲೇ ನುಂಗುತ್ತವೆ. ಬೇಕಾದ ವಸ್ತುವನ್ನು ಗುರುತು ಹಿಡಿದು ನುಂಗುವ ಈ ವಿಧಾನವನ್ನು ರಕ್ತದ ಕೊಲೆಸ್ಟ್ರಾಲ್ ಅಭ್ಯಾಸ ಮಾಡುತ್ತಾ ಬಿಡಿಸಿದವರು ಬ್ರೌನ್ ಮತ್ತು ಗೋಲ್ಡ್‌ಸ್ಟೀನ್. 1985ರ ನೊಬೆಲ್ ಅವರದ್ದು. ಎಪೋಈಯ ನಾಲ್ಕನೇ ಬಗೆ ಇರುವವರಿಗೆ ಆಲ್ಝೈಮರ್ ಅಪಾಯ ಜಾಸ್ತಿ. ಆ ಬಗೆ ಎಂಡೋಸೋಮ್‌ನಿಂದ ಬೇಗ ಹೊರಬರದೆ ಅಲ್ಲೇ ಜಗ್ಗಿ ಕೂರುತ್ತದೆ ಅಂತ ಕಂಡಿದೆ. ಆದರೆ ಇದರ ಪ್ರಭಾವ ಎಲ್ಲ ಜನರಲ್ಲೂ ಒಂದೇ ಸಮ ಇಲ್ಲ. ಹರಿಯಾಣದ ಬಲ್ಲಭಗಢದಲ್ಲಿ ನೋಡಿದಾಗ, ಈ ನಾಲ್ಕನೇ ಬಗೆ ಅಮೆರಿಕದವರಿಗಿಂತ ಕಡಿಮೆ ಜನರಲ್ಲಿತ್ತು. ಆಗ ಹೇಳಿದ ಆ ದೊಡ್ಡ ಜೀನ್ ಅಧ್ಯಯನಗಳೂ ಬಹುಪಾಲು ಯೂರೋಪ್ ಮೂಲದವರ ಮೇಲೆ ನಡೆದವು. ನಮ್ಮ ತಾತ ಅಜ್ಜಿಯರ ಮೆದುಳಿನ ಕಥೆ ನಮ್ಮವರ ಮೆದುಳಿನಲ್ಲೇ ಓದಬೇಕಲ್ವಾ?

ಟೌ ಎಂಬ ಇನ್ನೊಂದು ಪ್ರೋಟೀನ್ ಇದೆ. ಅದು ನರಕೋಶದ ಒಳಗೆ ಗಂಟು ಕಟ್ಟುತ್ತದೆ. ಕೆಟ್ಟ ಟೌ ಒಂದು ಕೋಶದಿಂದ ಇನ್ನೊಂದಕ್ಕೆ ಹರಡುವುದೂ ಹೀಗೇ. ಒಂದು ಬಿಡುತ್ತದೆ, ಪಕ್ಕದ್ದು ನುಂಗುತ್ತದೆ. ಎಲ್‌ಆರ್‌ಪಿ ಒನ್ ಎಂಬ ಬಾಗಿಲಿನ ಮೂಲಕ ಅದು ಒಳಗೆ ಹೋಗುತ್ತದೆ ಅಂತ 2020ರಲ್ಲಿ ತೋರಿಸಿದ್ದಾರೆ. ಎಪೋಈ ಹೋಗುವುದೂ ಅದೇ ಬಾಗಿಲಿನಿಂದ.

ನುಂಗುವವರು ಇನ್ನೂ ಒಬ್ಬರಿದ್ದಾರೆ, ಮೈಕ್ರೋಗ್ಲಿಯಾ ಎಂಬ ಕೋಶಗಳು. ಮೆದುಳಿನ ಪೌರಕಾರ್ಮಿಕರು ಅವು. ನಮ್ಮ ಬೀದಿಯ ಪೌರಕಾರ್ಮಿಕರಿಗೆ ಹೇಗೋ, ಅವುಗಳಿಗೂ ಅಷ್ಟೇ, ಕೆಲಸ ಮಾಡುವಾಗ ಯಾರೂ ನೋಡುವುದಿಲ್ಲ, ನಿಂತಾಗ ಎಲ್ಲರಿಗೂ ಗೊತ್ತಾಗುತ್ತದೆ. ಸತ್ತ ಕೋಶ, ಹರಿದ ತುಂಡು, ಅಮೈಲಾಯ್ಡ್ ಎಲ್ಲವನ್ನೂ ಅವು ನುಂಗಿ ತೆಗೆಯುತ್ತವೆ. 2013ರಲ್ಲಿ ಟ್ರೆಮ್ ಟೂ ಎಂಬ ಜೀನಿನ ಒಂದು ಅಪರೂಪದ ಬದಲಾವಣೆ ಸಿಕ್ಕಿತು. ಅದು ಇದ್ದರೆ ಕಾಯಿಲೆಯ ಅಪಾಯ ಎರಡರಿಂದ ನಾಲ್ಕು ಪಟ್ಟು. ಆ ಜೀನ್ ಕೆಲಸ ಮಾಡುವುದು ಮೈಕ್ರೋಗ್ಲಿಯಾದಲ್ಲಿ. ಅದು ದುರ್ಬಲವಾದರೆ ಅವು ಪ್ಲೇಕ್ ಸುತ್ತ ಸರಿಯಾಗಿ ಸೇರುವುದಿಲ್ಲ.

ಹೊಸ ಔಷಧಿಗಳೂ ಈ ನುಂಗುವ ಶಕ್ತಿಯನ್ನೇ ನಂಬಿವೆ. ಲೆಕಾನೆಮಾಬ್‌ಗೆ 2023ರಲ್ಲಿ, ಡೊನಾನೆಮಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವು ಅಮೈಲಾಯ್ಡ್‌ಗೆ ಅಂಟಿಕೊಳ್ಳುತ್ತವೆ. ಮೈಕ್ರೋಗ್ಲಿಯಾ ಆ ಗುರುತು ಹಿಡಿದು ಅದನ್ನು ನುಂಗುತ್ತವೆ. ಲೆಕಾನೆಮಾಬ್ 18 ತಿಂಗಳಲ್ಲಿ ಕಾಯಿಲೆ ಕೆಡುವ ವೇಗವನ್ನು 27% ತಗ್ಗಿಸಿತು. ಗುಣ ಮಾಡಲಿಲ್ಲ. ಹೋದ ನೆನಪು ತರಲಿಲ್ಲ. ಕೆಲವರಿಗೆ ಮೆದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಆಗುತ್ತದೆ, ಹಾಗಾಗಿ ಮತ್ತೆ ಮತ್ತೆ ಎಂಆರ್‌ಐ ಮಾಡಬೇಕು. ಇನ್ನೊಂದು ಮಾತು. ಇವು ಕಾಯಿಲೆ ಶುರುವಿನಲ್ಲಿದ್ದಾಗ ಮಾತ್ರ. ಮೂರು ವರ್ಷ ಅರಳುಮರಳು ಅಂತ ಕಳೆದವರಿಗೆ ಆ ಬಾಗಿಲು ಮುಚ್ಚಿರುತ್ತದೆ.

ಎಂಡೋಸೈಟೋಸಿಸ್‌ನಿಂದ ಕಾಯಿಲೆ ಬಂದರೆ ಅದನ್ನೇ ನಿಲ್ಲಿಸಬಹುದಲ್ಲ ಅಂತ ನನ್ನ ತಮ್ಮ ಕೇಳಿದ. ಆಗುವುದಿಲ್ಲ. ನುಂಗದ ನರಕೋಶ ಉಪವಾಸ ಸಾಯುತ್ತದೆ, ಮಾತನಾಡುವುದನ್ನೂ ನಿಲ್ಲಿಸುತ್ತದೆ. ಅದಿರಲಿ, ಬೇಸ್ ಒಂದು ಕಿಣ್ವವನ್ನು ಮಾತ್ರ ತಡೆಯುವ ಔಷಧಿಗಳನ್ನೇ ದೊಡ್ಡ ಕಂಪನಿಗಳು ವರ್ಷಗಟ್ಟಲೆ ಪರೀಕ್ಷಿಸಿದವು. 2018-19ರ ಹೊತ್ತಿಗೆ ಒಂದೊಂದಾಗಿ ಕೈಬಿಟ್ಟವು. ಅಮೈಲಾಯ್ಡ್ ಇಳಿಯಿತು, ಜನರ ನೆನಪು ಉಳಿಯಲಿಲ್ಲ. ಕೆಲವರಿಗೆ ಇನ್ನೂ ಕೆಟ್ಟಿತು. ಹಾಗಾಗಿ ಒಳಗಿನ ಈ ಸಂಚಾರ ಎಲ್ಲಿ, ಯಾವ ವಯಸ್ಸಿನಲ್ಲಿ, ಯಾವ ಕೋಶದಲ್ಲಿ ಮೊದಲು ಕಟ್ಟಿಕೊಳ್ಳುತ್ತದೆ ಅನ್ನುವುದನ್ನು ಇನ್ನೂ ನಿಧಾನವಾಗಿ, ಹತ್ತಿರದಿಂದ ನೋಡಬೇಕು.

ಅದನ್ನು ಎಲ್ಲಿ ನೋಡುವುದು? ಊದಿದ ಎಂಡೋಸೋಮ್ ಎಂಆರ್‌ಐನಲ್ಲಿ ಕಾಣುವುದಿಲ್ಲ. ಬದುಕಿರುವವರ ಮೆದುಳನ್ನು ತುಂಡು ಮಾಡಿ ನೋಡುವ ಹಾಗಿಲ್ಲ. ಇಲಿಗೆ ತಾನಾಗಿ ಆಲ್ಝೈಮರ್ ಬರುವುದಿಲ್ಲ. ಉಳಿಯುವುದು ತೀರಿಕೊಂಡವರು ಕೊಟ್ಟ ಮೆದುಳು. ಕಾಯಿಲೆ ಬಂದವರದ್ದು ಬೇಕು. ಬರದವರದ್ದೂ ಬೇಕು, ಹೋಲಿಸಿ ನೋಡಬೇಕಲ್ಲ.

ಈ ಕಾಯಿಲೆ ಜಗತ್ತಿಗೆ ಗೊತ್ತಾಗಿದ್ದೇ ಹಾಗೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಗಸ್ಟ್ ಡೀಟರ್ ಎಂಬ ಹೆಂಗಸು ಆಸ್ಪತ್ರೆ ಸೇರಿದರು. ವಯಸ್ಸು 51. ಡಾಕ್ಟರ್ ಅಲೋಯ್ಸ್ ಆಲ್ಝೈಮರ್ ಅವರನ್ನು ಕೂರಿಸಿಕೊಂಡು ಮಾತಾಡಿಸಿ, ಅವರು ಹೇಳಿದ್ದನ್ನೆಲ್ಲ ಬರೆದಿಟ್ಟರು. 1906ರ ಏಪ್ರಿಲ್‌ನಲ್ಲಿ ಆ ತಾಯಿ ತೀರಿಕೊಂಡರು. ಆ ಹೊತ್ತಿಗೆ ಆಲ್ಝೈಮರ್ ಮ್ಯೂನಿಕ್‌ನಲ್ಲಿದ್ದರು. ಆಕೆಯ ಮೆದುಳನ್ನು ಅಲ್ಲಿಗೆ ತರಿಸಿಕೊಂಡು, ಬೆಳ್ಳಿಯ ಬಣ್ಣ ಹಾಕಿ ನೋಡಿದರು. ಪ್ಲೇಕ್ ಮತ್ತು ಗಂಟುಗಳು ಕಂಡವು. ಅದೇ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ಅದನ್ನು ಹೇಳಿದರು. ಆ ಗಾಜಿನ ಸ್ಲೈಡುಗಳು ಮ್ಯೂನಿಕ್‌ನಲ್ಲಿ ಉಳಿದವು. 1990ರ ದಶಕದ ಕೊನೆಗೆ ಮತ್ತೆ ಸಿಕ್ಕಿದವು. ತೊಂಬತ್ತು ವರ್ಷದ ಮೇಲೆ ಅದೇ ಚೂರಿನಿಂದ ಆಕೆಯ ಎಪೋಈ ಯಾವ ಬಗೆ ಅಂತ ಪರೀಕ್ಷಿಸಿದರು. 1906ರಲ್ಲಿ ಜೀನ್ ಪರೀಕ್ಷೆ ಅಂತ ಒಂದು ಇರುತ್ತದೆ ಅಂತ ಯಾರಿಗೆ ಗೊತ್ತಿತ್ತು? ನನ್ನ ಅಮ್ಮನ ಮೆದುಳೂ ಹಾಗೆ ಕಾಯಬಹುದಿತ್ತು. ನಾಳೆ ಯಾರೋ ಒಬ್ಬ ಹುಡುಗಿ, ಇವತ್ತು ಇಲ್ಲದ ಒಂದು ಉಪಕರಣದಲ್ಲಿ ಅದನ್ನು ನೋಡಬಹುದಿತ್ತು.

ಸಚಿವರೇ, ಈ ಕೆಲಸಕ್ಕೆ ಬೇಕಾದದ್ದು ಬಹುಪಾಲು ನಮ್ಮ ರಾಜ್ಯದಲ್ಲೇ ಇದೆ. ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರು ಕಟ್ಟಿದ ಮೆದುಳಿನ ಬ್ಯಾಂಕ್ 1995ರಿಂದ ಇದೆ. ಪಕ್ಕದಲ್ಲೇ ಮೆದುಳಿನ ಮ್ಯೂಸಿಯಂ. ನಾನು ಎರಡು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದ ಹುಡುಗರು ಬಸ್ಸಿನಲ್ಲಿ ಊರು ಬರುವ ತನಕ ಅದೇ ಮಾತಾಡುತ್ತಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರ ಇದೆ. ಅವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನ ನಡೆಸುತ್ತಿದ್ದಾರೆ. ಮಾವು ಬೆಳೆಯುವ ರೈತರ ಮೆದುಳಿಗೆ ವಯಸ್ಸಾಗುವುದು ಹೇಗೆ ಅಂತ ನೋಡುವ ಕೆಲಸ ಅದು. 2022ರ ಜನವರಿಯಲ್ಲಿ ನಿಮ್ಮ ಇಲಾಖೆ, ನಿಮ್ಹಾನ್ಸ್, ನೀತಿ ಆಯೋಗ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದಿರಿ. ಅದಕ್ಕೆ ಮನಸಾರೆ ಧನ್ಯವಾದ. ಅಮ್ಮನಿಗೆ ಮೊದಲ ಸಲ ಮರೆವು ಬಂದ ವರ್ಷ ಇದು ಇದ್ದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ದೇಶದಲ್ಲಿ 60 ದಾಟಿದವರಲ್ಲಿ 7.4% ಜನರಿಗೆ ಡಿಮೆನ್ಶಿಯಾ, ಅಂದರೆ ಆಲ್ಝೈಮರ್‌ನಂಥ ಮರೆವಿನ ಕಾಯಿಲೆ ಇದೆ, ಸುಮಾರು 88 ಲಕ್ಷ ಜನ ಅಂತ 2023ರಲ್ಲಿ ಬಂದ ರಾಷ್ಟ್ರೀಯ ಅಧ್ಯಯನ ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಹಾಗಾದರೆ ನಾವು ನೋಡಬೇಕಾದ ಮೆದುಳು ಯಾರದ್ದು? ಹಳ್ಳಿಯ ಅಜ್ಜಿಯದ್ದು. ಆ ಅಜ್ಜಿಯ ಮನೆಯಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ತನಕ ದಾರಿ ಮಾತ್ರ ಇಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಕಣ್ಣು ದಾನಕ್ಕೆ, ದೇಹ ದಾನಕ್ಕೆ ಜನ ತುಂಬುವ ಫಾರಂನಲ್ಲಿ ಮೆದುಳಿಗೂ ಒಂದು ಸಾಲು ಸೇರಿಸಿ. ರಾತ್ರಿ ಎರಡೂವರೆಗೆ ಫೋನ್ ಮಾಡಿದರೂ ಕನ್ನಡದಲ್ಲಿ ಉತ್ತರ ಸಿಗುವ ಒಂದು ನಂಬರ್ ಕೊಡಿ. ಆ ನಂಬರ್ ಪ್ರತಿ ತಾಲೂಕು ಆಸ್ಪತ್ರೆಯ ಗೋಡೆಯ ಮೇಲೆ ಇರಲಿ. ಮೆದುಳು ಕಾಯುವುದಿಲ್ಲ. ಉಸಿರು ನಿಂತ ಮೇಲೆ ಗಂಟೆಗಳು ಕಳೆದಂತೆ ಕೋಶದ ಒಳಗಿನ ಈ ಪುಟ್ಟ ಚೀಲಗಳೆಲ್ಲ ಕೆಡುತ್ತಾ ಹೋಗುತ್ತವೆ. ಹಾಗಾಗಿ ದೂರದ ಊರುಗಳಿಗೆ ಗಾಡಿಯ ವ್ಯವಸ್ಥೆ ಬೇಕು. ಅಥವಾ ಆಯಾ ಜಿಲ್ಲೆಯ ವೈದ್ಯಕೀಯ ಕಾಲೇಜಿನಲ್ಲೇ ಮೆದುಳು ತೆಗೆದು ಸರಿಯಾಗಿ ಇಟ್ಟು ಕಳಿಸುವ ತರಬೇತಿ ಕೊಡಿ. ಅಲ್ಲಿ ಆ ಕೆಲಸ ಕಲಿಯಬಲ್ಲ ವೈದ್ಯರು ಇದ್ದಾರೆ. ಜೊತೆಗೆ, ತಾಲೂಕು ಮಟ್ಟದ ಪ್ರತಿ ವೈದ್ಯರಿಗೂ ಹೇಳಿ: ಮಗಳು ತಾಯಿಯನ್ನು ಕರೆದುಕೊಂಡು ಬಂದು 'ಒಬ್ಬಟ್ಟು ಮಾಡೋದು ಮರೆತ್ಲು' ಅಂದರೆ ಗಾದೆ ಹೇಳಿ ಕಳಿಸಬೇಡಿ. ಹತ್ತು ನಿಮಿಷದ ನೆನಪಿನ ಪರೀಕ್ಷೆ ಮಾಡಿ, ಜಿಲ್ಲೆಯ ಮೆದುಳು ಆರೋಗ್ಯ ಕ್ಲಿನಿಕ್ಕಿಗೆ ಬರೆದುಕೊಡಿ. ಥೈರಾಯ್ಡ್, ಬಿ 12 ಕೊರತೆಯಿಂದ ಬರುವ ಮರೆವೂ ಇದೆ, ಅದು ಸರಿಹೋಗಬಹುದು. ಅದನ್ನೂ ನೋಡಬೇಕಲ್ವಾ?

ಶಿಕ್ಷಣ ಇಲಾಖೆಯವರು ಇದನ್ನು ಓದಿದರೆ ಅವರಿಗೂ ಒಂದು ಮಾತು. ಅಮೀಬಾದ ಚಿತ್ರದ ಕೆಳಗೆ ಎರಡು ಸಾಲು ಸೇರಿಸಿ, ನಮ್ಮ ನರಕೋಶವೂ ಹೀಗೇ ನುಂಗುತ್ತದೆ ಅಂತ. ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಈಗ ಮನೆಯವರಿಗೆ. ಅಮ್ಮ ಹೋದ ಬೆಳಗ್ಗೆ ನಮ್ಮ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು, 'ಅಕ್ಕನ ತಲೆ ಒಡಿಸ್ತೀಯೇನಮ್ಮ?' ಅಂತ ಕೇಳಿದರು. ಅವರ ಕಣ್ಣು ತುಂಬಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎಂಟು ವರ್ಷ ತಿಂಗಳಿಗೊಮ್ಮೆ ಅರಸೀಕೆರೆಯಿಂದ ಬಂದು ಅಕ್ಕನ ಪಕ್ಕ ಕೂರುತ್ತಿದ್ದವರು ಅವರು. ಅಕ್ಕನಿಗೆ ಇವರು ಯಾರು ಅಂತ ಗೊತ್ತಾಗದ ಮೇಲೂ ಬಂದರು. ಆಗ ನನಗೆ ಅವರಿಗೆ ಉತ್ತರ ಕೊಡಲು ಗೊತ್ತಾಗಲಿಲ್ಲ. ಈಗ ಗೊತ್ತು. ಕೂದಲಿನ ಹಿಂದಿನಿಂದ ತೆಗೆಯುತ್ತಾರೆ, ಹೊಲಿಗೆ ಹಾಕುತ್ತಾರೆ. ಮುಖ ಹಾಗೇ ಇರುತ್ತದೆ. ದೇಹ ಮನೆಗೆ ಬರುತ್ತದೆ, ಎಲ್ಲ ಕರ್ಮಗಳೂ ನಡೆಯುತ್ತವೆ.

2006ರಲ್ಲಿ ಅಣ್ಣಾವ್ರ ಕಣ್ಣು ದಾನ ಆದಾಗ ನಮ್ಮ ಬೀದಿಯಲ್ಲೇ ಎಷ್ಟು ಜನ ಹೆಸರು ಬರೆಸಿದರು! ಅಪ್ಪ ಬರೆಸಿದ್ದೂ ಆಗಲೇ. 2021ರಲ್ಲಿ ಅಪ್ಪು ಹೋದಾಗ ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಮೇಲೆ ಕಣ್ಣು ಬರೆದುಕೊಡಲು ಜನ ಸಾಲುಗಟ್ಟಿ ನಿಂತರು. ಕನ್ನಡದವರು ಕೊಡಲು ಹಿಂಜರಿಯುವ ಜನ ಅಲ್ಲ. ಕೊಟ್ಟಿದ್ದು ಎಲ್ಲಿಗೆ ಹೋಗುತ್ತದೆ, ಯಾಕೆ ಬೇಕು ಅಂತ ಯಾರಾದರೂ ಕೂತು ಹೇಳಬೇಕು, ಅಷ್ಟೇ. ನಿಮ್ಮ ಮನೆಯಲ್ಲಿ ಮಾತಾಡಿ. ಹಿರಿಯರು ಇನ್ನೂ ನಿಮ್ಮನ್ನು ಗುರುತು ಹಿಡಿಯುತ್ತಿರುವಾಗಲೇ, ಅವರ ಜೊತೆಗೇ ಮಾತಾಡಿ. ಅವರ ಮೆದುಳು ಅವರದ್ದು, ಅವರನ್ನೇ ಕೇಳಬೇಕು. ನಾನು ಅಮ್ಮನನ್ನು ಕೇಳಬೇಕು ಅಂದುಕೊಂಡ ಹೊತ್ತಿಗೆ ಅವಳಿಗೆ ಪ್ರಶ್ನೆ ಅರ್ಥವಾಗುತ್ತಿರಲಿಲ್ಲ.

ನನಗೀಗ 64. ಹೋದ ಯುಗಾದಿಗೆ ಒಬ್ಬಟ್ಟು ನಾನೇ ಮಾಡಿದೆ. ಮಗಳಿಗೂ ಕಲಿಸಿದೆ, ಮೊದಲ ನಾಲ್ಕು ಒಡೆದು ಹೂರಣ ಹೊರಗೆ ಬಂತು, ಆಮೇಲೆ ಸರಿಹೋಯಿತು. ಅದೇ ಸಂಜೆ ಅವಳನ್ನು ಕೂರಿಸಿಕೊಂಡು ನನ್ನ ಇಚ್ಛೆ ಬರೆದು ಸಹಿ ಮಾಡಿದೆ. ಸೋದರಮಾವ ಸಾಕ್ಷಿ ಹಾಕಿದರು. ಕಾಗದ ದೇವರ ಮನೆಯ ಪಕ್ಕದ ಕಪಾಟಿನಲ್ಲಿದೆ. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. ಆ ರಾತ್ರಿ ಅವಳು ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕಾಗದದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಅದನ್ನು ನೀವು ತುಂಬಿಸಿಕೊಡಬೇಕು.

ಇಂತಿ,
ತಿಪಟೂರಿನ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ